ಜಿಮ್ ಇಲ್ಲದೆಯೂ ದೇಹದಾರ್ಢ್ಯ: ಕಾಸರಗೋಡಿನ ಮನೆಗಳಿಗೊಂದು ಕೈಪಿಡಿ

ಕಾಸರಗೋಡು, ಉಪ್ಪಳ, ಕುಂಬಳೆ, ಬದಿಯಡ್ಕದ ಪೇಟೆಗಳಲ್ಲಿ ಇಂದು ವ್ಯಾಯಾಮವೆಂದರೆ ತಿಂಗಳ ಶುಲ್ಕ ತೆತ್ತು ಸೇರುವ ಜಿಮ್ ಎಂಬ ಭಾವನೆ ಬೆಳೆದಿದೆ. ಶಾಲಾ ಮಕ್ಕಳಿಗೂ ಅವರ ತಾಯಂದಿರಿಗೂ ಹಿರಿಯರಿಗೂ ಅದು ಸುಲಭವಾಗಿ ಒದಗುವಂಥದ್ದಲ್ಲ. ಅದಕ್ಕೆ ಬದಲಾಗಿ ನಮ್ಮ ಜಿಲ್ಲೆಯಲ್ಲಿ ಲಭ್ಯವಿರುವ ದಾರಿಗಳನ್ನು ಇಲ್ಲಿ ಸಂಗ್ರಹಿಸಿದ್ದೇವೆ.

ಎಷ್ಟು ಬೇಕು?

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ, 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆ ಅಗತ್ಯ. ಅದು ಉಸಿರಾಟದ ವೇಗ ಹೆಚ್ಚುವಷ್ಟು ಚುರುಕಾಗಿರಬೇಕು. ವಾರದಲ್ಲಿ ಕನಿಷ್ಠ 3 ದಿನ ಸ್ನಾಯು ಮತ್ತು ಎಲುಬುಗಳನ್ನು ಬಲಪಡಿಸುವ ಓಟ, ಜಿಗಿತಗಳೂ ಇರಬೇಕು. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಬಿರುಸಿನ ನಡಿಗೆ ಸಾಕು.

ಶಾಲೆಯ ದಾರಿ

ಮನೆಯಿಂದ ಶಾಲೆಗೆ ಅಥವಾ ಬಸ್ ನಿಲ್ದಾಣಕ್ಕೆ 15 ನಿಮಿಷಗಳ ದಾರಿಯಿದ್ದರೆ, ಬೆಳಗ್ಗೆ ಮಗುವನ್ನು ಬಿಟ್ಟು ಮರಳುವ ತಾಯಿ ಅಥವಾ ಅಜ್ಜ ಐದು ದಿನಗಳಲ್ಲಿ 150 ನಿಮಿಷ ನಡೆದಂತಾಗುತ್ತದೆ. ಮಗುವಿಗೂ ದಿನದ ಅರ್ಧ ಪಾಲು ದೊರೆಯುತ್ತದೆ. ಮನೆಬಾಗಿಲಿಗೆ ಬರುವ ಶಾಲಾ ವಾಹನವನ್ನು ಅನಿವಾರ್ಯವಿದ್ದಲ್ಲಿ ಮಾತ್ರ ಬಳಸುವುದು ಒಳಿತು. ಆದರೆ ಆರು ಪಥಗಳ ರಾಷ್ಟ್ರೀಯ ಹೆದ್ದಾರಿ 66ನ್ನು ಮಕ್ಕಳು ನೇರವಾಗಿ ದಾಟಕೂಡದು. ಸ್ವಲ್ಪ ಸುತ್ತಾದರೂ ಅಂಡರ್‌ಪಾಸ್ ಅಥವಾ ಮೇಲ್ಸೇತುವೆಯ ಮೂಲಕವೇ ಹೋಗಬೇಕು.

ಮೈದಾನ ಮತ್ತು ಅಂಗಳ

ಕೇರಳದಲ್ಲಿ ದೈಹಿಕ ಶಿಕ್ಷಣ ಶಿಕ್ಷಕರ ಹುದ್ದೆಯು ಮಕ್ಕಳ ಮತ್ತು ಡಿವಿಷನ್‌ಗಳ ಸಂಖ್ಯೆಯನ್ನು ಅವಲಂಬಿಸಿದೆ. ಮಕ್ಕಳ ಸಂಖ್ಯೆ ಕುಗ್ಗಿದ ಕನ್ನಡ ಮಾಧ್ಯಮ ಶಾಲೆಗೆ ಇದು ದೊಡ್ಡ ನಷ್ಟ. ಹೆತ್ತವರು ಶಿಕ್ಷಕ-ರಕ್ಷಕ ಸಂಘದ ಸಭೆಯಲ್ಲಿ ಆಟದ ಪೀರಿಯಡನ್ನು ಪಾಠಕ್ಕೆ ಬಿಟ್ಟುಕೊಡದಂತೆ ಕೇಳಿಕೊಳ್ಳಬಹುದು. ಸಂಜೆ ಅಂಗಳದಲ್ಲಿ ಲಗೋರಿ, ಕುಂಟೆಬಿಲ್ಲೆ, ಕಬಡ್ಡಿ, ಹಗ್ಗಜಗ್ಗಾಟಗಳಿಗೆ ಹೆಚ್ಚಿನ ಖರ್ಚಿಲ್ಲ. ಆಟದ ಎಣಿಕೆ, ಕೂಗು, ಜಗಳಗಳೆಲ್ಲವೂ ಕನ್ನಡದಲ್ಲೇ ನಡೆದರೆ ಪಾಠಪುಸ್ತಕದ ಹೊರಗೂ ಭಾಷೆ ಉಳಿಯುತ್ತದೆ.

ಯಕ್ಷಗಾನದ ಹೆಜ್ಜೆ

ಪಾರ್ತಿಸುಬ್ಬನ ಕುಂಬಳೆ ನಮ್ಮದು. ತೆಂಕುತಿಟ್ಟಿನ ನಾಟ್ಯಾಭ್ಯಾಸಕ್ಕೆ ಬಲವಾದ ಕಾಲು, ದೀರ್ಘ ಉಸಿರು, ಸಮತೋಲನ ಮೂರೂ ಬೇಕು. ಚೆಂಡೆಯ ಪೆಟ್ಟಿಗೆ ದಿಗಿಣ ಹಾರುವ ಬಾಲಕ ಅಥವಾ ಬಾಲಕಿಗೆ ಬೇರೆ ಕಸರತ್ತು ಹೇಳಿಕೊಡಬೇಕಾಗಿಲ್ಲ. ಜೊತೆಗೆ ಅರ್ಥಗಾರಿಕೆಯಿಂದ ಶುದ್ಧ ಕನ್ನಡದ ಮಾತುಗಾರಿಕೆಯೂ ಒಲಿಯುತ್ತದೆ. ಕೇರಳ ಶಾಲಾ ಕಲೋತ್ಸವದಲ್ಲಿ ಯಕ್ಷಗಾನಕ್ಕೆ ಸ್ಪರ್ಧೆಯೂ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಚಾವಡಿಯೊಳಗೆ ಮಾಡಬಹುದಾದ ಉತ್ತಮ ಅಭ್ಯಾಸವಿದು. ಹಗ್ಗ ಜಿಗಿತವೂ ಹಾಗೆಯೇ.

ರಜಾದಿನಗಳಲ್ಲಿ

ಧರ್ಮತ್ತಡ್ಕ ಸಮೀಪದ ಪೊಸಡಿಗುಂಪೆ ಸಮುದ್ರಮಟ್ಟದಿಂದ ಸಾವಿರ ಅಡಿಗೂ ಮಿಕ್ಕಿ ಎತ್ತರದಲ್ಲಿದೆ. ಅಜ್ಜ-ಅಜ್ಜಿಯರೊಡನೆ ನಿಧಾನವಾಗಿ ಸುತ್ತಾಡಲು ಕೆಳದಿಯ ಶಿವಪ್ಪ ನಾಯಕನ ಹೆಸರಿನೊಡನೆ ಬೆಸೆದಿರುವ ಬೇಕಲ ಕೋಟೆಯಿದೆ. ತೋಟವಿರುವ ಮನೆಯಲ್ಲಿ ಅಡಿಕೆ ಹೆಕ್ಕುವುದು, ಸೋಗೆ ಎಳೆಯುವುದು, ಗಿಡಗಳಿಗೆ ನೀರು ಹೊರುವುದು ಸಹ ವ್ಯಾಯಾಮವೇ.

ಎಚ್ಚರಿಕೆ

ಬೇಸಗೆಯಲ್ಲಿ ಮಧ್ಯಾಹ್ನದ ಬಿಸಿಲನ್ನು ತಪ್ಪಿಸಿ, ನೀರು ಜೊತೆಗಿರಲಿ. ಮಳೆನೀರು ತುಂಬಿದ ಕೆಂಪುಕಲ್ಲಿನ ಕೋರೆಗಳಿಗೆ ಮಕ್ಕಳು ಇಳಿಯಲೇಬಾರದು. ಅವುಗಳ ಆಳ ಮೇಲಿನಿಂದ ತಿಳಿಯದು. ಕೆರೆಯಲ್ಲಿ ಈಜು ಕಲಿಯುವಾಗ ಈಜು ಬಲ್ಲ ಹಿರಿಯರು ಪಕ್ಕದಲ್ಲಿರಬೇಕು. ಹೃದ್ರೋಗ, ಆಸ್ತಮಾ ಇರುವವರು ವೈದ್ಯರ ಸಲಹೆ ಪಡೆದು ಆರಂಭಿಸಲಿ.

ಎಲ್ಲವನ್ನೂ ಒಮ್ಮೆಗೇ ಮಾಡಬೇಕಾಗಿಲ್ಲ. ಬರುವ ಸೋಮವಾರ ಮಗುವಿನ ಚೀಲವನ್ನು ಮಗುವಿನ ಹೆಗಲಿಗೇ ಹಾಕಿ, ಜೊತೆಯಲ್ಲಿ ನಡೆದು ಹೊರಡೋಣ. ಅಷ್ಟರಿಂದ ಆರಂಭವಾದರೆ ಸಾಕೆಂದು ನಾವು ಭಾವಿಸುತ್ತೇವೆ.