ಬೀಟೆಯೊಳಗಿನ ಬಿಳಿ: ಮೈಸೂರು ಇನ್‌ಲೇ ಮತ್ತು ಪ್ಲಾಸ್ಟಿಕ್

ಬೀಟೆ ಹಲಗೆಯಲ್ಲಿ ಗುಳಿ ತೋಡಿ, ಬೇರೆ ಬಣ್ಣದ ಮರ ಅಥವಾ ದಂತದ ತುಂಡುಗಳನ್ನು ಹಲಗೆಯ ಮಟ್ಟಕ್ಕೇ ಕೂರಿಸಿ ಚಿತ್ರ ಮೂಡಿಸುವ ಕೆಲಸಕ್ಕೆ ಮೈಸೂರಿನಲ್ಲಿ ಇನ್‌ಲೇ ಎಂದೇ ಹೆಸರು. ಬೀಟೆ ಪಶ್ಚಿಮಘಟ್ಟದ ಮರ; ಕೊಪ್ಪ, ನರಸಿಂಹರಾಜಪುರದ ಕಡೆಯ ಮಲೆನಾಡು ಅದು ಬೆಳೆಯುವ ಸೀಮೆ. ಅದರ ಕಪ್ಪುಗೆಂಪು ಮೈ ಮೇಲೆ ಬಿಳಿ ಎದ್ದು ಕಾಣುತ್ತದೆ. ಈ ಕಲೆಯ ಸೊಬಗೆಲ್ಲ ನಿಂತಿರುವುದು ಆ ಬಿಳಿಯ ಅಂಚು ಎಷ್ಟು ಹರಿತವಾಗಿದೆ ಎಂಬುದರ ಮೇಲೆ.

ಒಡೆಯರ ಆಶ್ರಯದಲ್ಲಿ ಕೆಲಸ ಕಳೆಗಟ್ಟಿತು. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ವಿನ್ಯಾಸದ ಹೊಸ ಅರಮನೆ 1912ರಲ್ಲಿ ಪೂರ್ಣಗೊಂಡಿತು. ಅಲ್ಲಿ ಅಂಬಾವಿಲಾಸಕ್ಕೆ ಹೋಗುವ ದಾರಿಯ ದಂತ ಕೂರಿಸಿದ ಬೀಟೆ ಬಾಗಿಲು ಆ ಕಾಲದ ಕೈಚಳಕಕ್ಕೆ ಇಂದಿಗೂ ಸಾಕ್ಷಿ. ಅರಮನೆಯ ಹೊರಗೆ ಮಂಡಿ ಮೊಹಲ್ಲಾ ಈ ಕಸುಬಿನ ನೆಲೆಯಾಯಿತು.

ದಂತದ ದಾರಿ ಮುಚ್ಚಿದ್ದು ಕಾನೂನಿನಿಂದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ತಂದ ತಿದ್ದುಪಡಿ ದೇಶದ ಆನೆಗಳ ದಂತದ ವ್ಯಾಪಾರವನ್ನು ನಿಲ್ಲಿಸಿತು. 1991ರ ತಿದ್ದುಪಡಿ ಆಫ್ರಿಕದ ದಂತಕ್ಕೂ ಅದೇ ಗತಿ ತಂದಿತು. ಆನೆಗಳ ದೃಷ್ಟಿಯಿಂದ ಇದು ಆಗಲೇಬೇಕಿದ್ದ ಕೆಲಸ. ದಂತದ ಜಾಗಕ್ಕೆ ಬಿಳಿ ಪ್ಲಾಸ್ಟಿಕ್ ಹಾಳೆ ಬಂತು.

ದಂತಕ್ಕೆ ಬದಲಿ ಹುಡುಕಾಟ ಅದಕ್ಕೂ ನೂರು ವರ್ಷ ಹಿಂದೆಯೇ, ಬಿಲಿಯರ್ಡ್ಸ್ ಮೇಜಿನಿಂದ ಶುರುವಾಗಿತ್ತು. ಚೆಂಡುಗಳಿಗೆ ದಂತ ಸಾಲದಾಗ 1863ರಲ್ಲಿ ಅಮೆರಿಕದ ಒಂದು ಕಂಪನಿ 10,000 ಡಾಲರ್ ಬಹುಮಾನ ಘೋಷಿಸಿತು. ಆ ಬೆನ್ನಿಗೆ ಜಾನ್ ವೆಸ್ಲಿ ಹಯಾಟ್ ಸೆಲ್ಯುಲಾಯ್ಡ್ ರೂಪಿಸಿದರು.

ಮೈಸೂರಿನ ಇನ್‌ಲೇಗೆ ಬಂದ ಪ್ಲಾಸ್ಟಿಕ್ ಅಗ್ಗ, ಆದರೆ ಕೆಲಸ ಹಗುರವಾಗಲಿಲ್ಲ. ಕಾಗದದಲ್ಲಿ ಬರೆದ ಚಿತ್ರವನ್ನು ಹಾಳೆಗೆ ಅಂಟಿಸಿ ಎಳೆಗರಗಸದಿಂದ ಕೊಯ್ಯುತ್ತಾರೆ. ಪ್ಲಾಸ್ಟಿಕ್‌ಗೆ ಮರದಂತೆ ಎಳೆಯಿಲ್ಲ. ಎಲೆಯ ಚೂಪು ತುದಿ ಎಳೆಗುಂಟ ಸೀಳುವ ಭಯವೂ ಇಲ್ಲ. ಆದರೆ ಗರಗಸ ಅವಸರಪಟ್ಟರೆ ಅಂಚು ಕಾದು ಕರಗಿ ಮೊಂಡಾಗುತ್ತದೆ. ಒಳಮೂಲೆಯಲ್ಲಿ ಅಲಗನ್ನು ತಿರುಗಿಸಿದರೆ ಅದರ ದಪ್ಪದಷ್ಟು ಗುಂಡು ಉಳಿಯುತ್ತದೆ. ಆದ್ದರಿಂದ ಎರಡೂ ಕಡೆಯಿಂದ ಕೊಯ್ದು ಗೆರೆಗಳನ್ನು ಮೂಲೆಯಲ್ಲೇ ಕೂಡಿಸಿ, ಕೊನೆಯ ಚೂರನ್ನು ಚಾಕುವಿನಿಂದ ತೆಗೆಯಬೇಕು. ಹಲಗೆಯ ಗುಳಿಯ ಮೂಲೆಗೂ ಸಣ್ಣ ಉಳಿಯೇ ಬೇಕು. ನುಣುಪಾದ ಪ್ಲಾಸ್ಟಿಕ್ ಅಂಟನ್ನು ಹೀರುವುದಿಲ್ಲ. ಅಡಿಭಾಗವನ್ನು ಉಜ್ಜಿ ತರಿ ಮಾಡಿದರೆ ಗಟ್ಟಿ ಹಿಡಿಯುತ್ತದೆ. ಬಿಲಿಯರ್ಡ್ಸ್ ಕ್ಯೂ ಕೋಲಿನ ಹಿಡಿಯಲ್ಲಿ ಉದ್ದ ತ್ರಿಕೋನಗಳ ಸುತ್ತ ಬಣ್ಣದ ತೆಳುಪಟ್ಟಿ ಕೂರಿಸುವವರಿಗೂ ಇದೇ ಪರೀಕ್ಷೆ: ಪಟ್ಟಿಯನ್ನು ಮಡಿಸಿದರೆ ತುದಿ ಗುಂಡಾಗುತ್ತದೆ, ಎರಡು ಪಟ್ಟಿಗಳನ್ನು ಓರೆ ಕೊಯ್ದು ಕೂಡಿಸಿದರೆ ಮಾತ್ರ ಚೂಪು ಉಳಿಯುತ್ತದೆ.

ಪ್ಲಾಸ್ಟಿಕ್ ಒಂದೇ ದಂತದ ಜಾಗ ತುಂಬಲಿಲ್ಲ. ಹಲಸಿನ ಹಳದಿ, ಕರಿಮರದ ಕಪ್ಪು ಹೀಗೆ ಮರದ ಸಹಜ ಬಣ್ಣಗಳಿಂದಲೇ ಇಡೀ ದೃಶ್ಯ ಕಟ್ಟುವ ರೀತಿಗೆ ಒತ್ತು ಬಿತ್ತು. ಹಳ್ಳಿಯ ನೋಟಗಳೂ ಆನೆಯ ಮೆರವಣಿಗೆಯೂ ಹಲಗೆಗೆ ಬಂದವು. ಚೆಲುವಿನಲ್ಲಿ ಇವು ದಂತದ ಕೆಲಸಕ್ಕೆ ಸರಿಸಾಟಿಯೇ. 1964ರಲ್ಲಿ ಹುಟ್ಟಿದ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಕಾವೇರಿ ಮಳಿಗೆಗಳು ಇವಕ್ಕೆ ಮಾರುಕಟ್ಟೆ ಒದಗಿಸಿದವು. ಮೈಸೂರು ಬೀಟೆ ಇನ್‌ಲೇಗೆ ಭೌಗೋಳಿಕ ಗುರುತೂ ದೊರೆತಿದೆ. ಈಗಿನ ಕೊರತೆ ಬೀಟೆಯದೇ: 2017ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರ, ಅಪಾಯದಂಚಿನ ಸಸ್ಯ-ಪ್ರಾಣಿಗಳ ವ್ಯಾಪಾರ ಕುರಿತ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ.