ಮೂತ್ರಕೋಶದ ಒಳಪೊರೆಯ ರಾಸಾಯನಿಕ ಸಂಕೇತಗಳು: ಒಂದು ಶೋಧದ ಚರಿತ್ರೆ

ಮೂತ್ರಕೋಶದ ಒಳಮೈಯನ್ನು ಆವರಿಸಿರುವ ಪೊರೆಗೆ ಯೂರೋಥೀಲಿಯಂ ಎಂದು ಹೆಸರು. ಮೂತ್ರದಲ್ಲಿನ ಲವಣಗಳೂ ತ್ಯಾಜ್ಯಗಳೂ ಅಂಗಾಂಶಕ್ಕೆ ಮರಳಿ ಸೇರದಂತೆ ತಡೆಯುವುದೊಂದೇ ಅದರ ಕಾರ್ಯವೆಂದು ಶರೀರವಿಜ್ಞಾನಿಗಳು ಇಪ್ಪತ್ತನೆಯ ಶತಮಾನದ ಬಹುಭಾಗ ಭಾವಿಸಿದ್ದರು. ಕೋಶವು ಹಿಗ್ಗುವುದು ಹಾಗೂ ಸಂಕುಚಿಸುವುದು ಕೇವಲ ನರ ಮತ್ತು ಸ್ನಾಯುಗಳಿಗೆ ಸಂಬಂಧಿಸಿದ ವಿಷಯವಾಗಿತ್ತು.

ಈ ತಿಳಿವಳಿಕೆಯನ್ನು ಪ್ರಶ್ನಿಸುವ ದಾರಿ ತೆರೆದದ್ದು ರಕ್ತನಾಳಗಳ ಅಧ್ಯಯನದಿಂದ. 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್ ಮತ್ತು ಜಾನ್ ಜವಾಡ್ಸ್ಕಿ ಅವರು ಮೊಲದ ಮಹಾಧಮನಿಯ ಒಳಪದರವನ್ನು ಉಜ್ಜಿ ತೆಗೆದರೆ ಅಸಿಟೈಲ್‌ಕೋಲಿನ್ ಅದನ್ನು ಸಡಿಲಿಸಲಾರದೆಂದು ತೋರಿಸಿದರು. ಒಳಪದರವು ಸ್ರವಿಸುವ ಆ ವಸ್ತು ನೈಟ್ರಿಕ್ ಆಕ್ಸೈಡ್ ಎಂಬುದು ಮುಂದೆ ಸ್ಥಿರಪಟ್ಟಿತು. ಈ ಕುರಿತ ಸಂಶೋಧನೆಗೆ 1998ರ ನೊಬೆಲ್ ಪ್ರಶಸ್ತಿ ಸಂದಿತು.

ಇದೇ ಬಗೆಯ ಹೋಲಿಕೆಯನ್ನು ಇಂಗ್ಲೆಂಡಿನ ಶೆಫೀಲ್ಡ್‌ನ ಸಂಶೋಧಕರು ಹಂದಿಯ ಮೂತ್ರಕೋಶದಲ್ಲಿ ನಡೆಸಿ 2000ದಲ್ಲಿ ಪ್ರಕಟಿಸಿದರು. ಸ್ನಾಯುವನ್ನು ಸಂಕುಚಿಸುವ ಕಾರ್ಬಕಾಲ್ ಎಂಬ ರಾಸಾಯನಿಕವನ್ನು ಹಾಕಿದಾಗ, ಒಳಪೊರೆಯುಳ್ಳ ಪಟ್ಟಿಯು ಪೊರೆ ತೆಗೆದ ಪಟ್ಟಿಗಿಂತ ಕಡಿಮೆ ಸಂಕುಚಿಸಿತು. ಪೊರೆಯಿಲ್ಲದ ಪಟ್ಟಿಯ ಬಳಿ ಪೊರೆಯುಳ್ಳ ಇನ್ನೊಂದನ್ನು ಇಟ್ಟಾಗಲೂ ಸಂಕೋಚನ ತಗ್ಗಿತು. ಪೊರೆಯಿಂದ ಯಾವುದೋ ವಸ್ತು ದ್ರವದ ಮೂಲಕ ಸಾಗಿ ಸ್ನಾಯುವನ್ನು ತಲುಪುತ್ತಿದೆ ಎಂಬುದಕ್ಕೆ ಇದು ಪುರಾವೆಯಾಯಿತು. ನೈಟ್ರಿಕ್ ಆಕ್ಸೈಡ್ ಮತ್ತು ಪ್ರೊಸ್ಟಗ್ಲ್ಯಾಂಡಿನ್‌ಗಳ ಉತ್ಪಾದನೆಯನ್ನು ತಡೆದರೂ ಪರಿಣಾಮ ಅಳಿಯಲಿಲ್ಲ. ಆದುದರಿಂದ ರಕ್ತನಾಳದ ಉತ್ತರ ಇಲ್ಲಿಗೆ ಒದಗಲಿಲ್ಲ. 2003ರಲ್ಲಿ ಮಾನವ ಮೂತ್ರಕೋಶದಲ್ಲಿಯೂ ಇಂಥ ಫಲಿತಾಂಶ ವರದಿಯಾಯಿತು.

ಇದೇ ಪೊರೆ ಇನ್ನೊಂದು ಸಂಕೇತವನ್ನೂ ಕಳುಹಿಸುತ್ತದೆ. ಶಕ್ತಿವಾಹಕವಾದ ಎಟಿಪಿಯು ನರಸಂದೇಶವಾಹಕವೂ ಹೌದೆಂದು ಜೆಫ್ರಿ ಬರ್ನ್‌ಸ್ಟಾಕ್ 1972ರಲ್ಲಿ ಮಂಡಿಸಿದಾಗ ಬಹುಜನರು ಒಪ್ಪಲಿಲ್ಲ. 1997ರಲ್ಲಿ ಮೊಲದ ಮೂತ್ರಕೋಶದ ಒಳಪೊರೆಯು ಒತ್ತಡಕ್ಕೆ ಒಳಗಾದಾಗ ಎಟಿಪಿಯನ್ನು ಹೊರಸೂಸುವುದು ಕಂಡುಬಂತು. ಎಟಿಪಿಯನ್ನು ಗುರುತಿಸುವ ಪಿ2ಎಕ್ಸ್3 ಗ್ರಾಹಕವಿಲ್ಲದ ಇಲಿಗಳ ಮೂತ್ರಕೋಶ ಹೆಚ್ಚು ಮೂತ್ರವನ್ನು ಹಿಡಿದಿಡುತ್ತದೆಂದು 2000ದಲ್ಲಿ ತಿಳಿಯಿತು. ಕೋಶ ತುಂಬಿದ ಸುದ್ದಿಯನ್ನು ನರಗಳಿಗೆ ಮುಟ್ಟಿಸುವ ಪೊರೆಯೇ ಸ್ನಾಯುವಿನ ಬಿಗಿತವನ್ನೂ ತಗ್ಗಿಸುತ್ತದೆ ಎಂಬ ಚಿತ್ರ ಹೀಗೆ ರೂಪುಗೊಂಡಿತು. ಹಿಗ್ಗುವಿಕೆಯನ್ನು ಗ್ರಹಿಸುವ ಪಿಯೆಜೋ2 ಪ್ರೋಟೀನು ಸಂವೇದನಾ ನರಗಳಲ್ಲಿಯೂ ಪೊರೆಯ ಜೀವಕೋಶಗಳಲ್ಲಿಯೂ ಇದೆಯೆಂಬ 2020ರ ಶೋಧ ಅದನ್ನು ಬಲಪಡಿಸಿತು.

ಚಿಕಿತ್ಸೆಯ ದೃಷ್ಟಿಯಿಂದ ಈ ಚರಿತ್ರೆಗೆ ಮಹತ್ವವಿದೆ. ಪದೇ ಪದೇ ಮೂತ್ರದ ಅವಸರದಿಂದ ಬಳಲುವವರಿಗೆ ಬಹುಕಾಲ ನೀಡಲಾದ ಅಸಿಟೈಲ್‌ಕೋಲಿನ್ ವಿರೋಧಿ ಔಷಧಗಳು ಬಾಯಿ ಒಣಗಿಸುತ್ತವೆ, ಮಲಬದ್ಧತೆ ತರುತ್ತವೆ. ಬೀಟಾ-3 ಗ್ರಾಹಕಗಳ ಮೂಲಕ ಸ್ನಾಯುವನ್ನು ಸಡಿಲಿಸುವ ಮಿರಾಬೆಗ್ರಾನ್‌ಗೆ 2011ರಲ್ಲಿ ಜಪಾನಿನಲ್ಲಿ ಅನುಮತಿ ದೊರೆಯಿತು. ಆದರೆ ಪೊರೆಯೇ ಸ್ರವಿಸುವ ಸಡಿಲಕಾರಕ ವಸ್ತುವಿನ ಸ್ವರೂಪದ ಬಗೆಗೆ ವಿದ್ವಾಂಸರಲ್ಲಿ ಒಮ್ಮತ ಮೂಡಿಲ್ಲ. ಫರ್ಚ್‌ಗಾಟ್ ಅವರ ಪ್ರಯೋಗದಿಂದ ನೈಟ್ರಿಕ್ ಆಕ್ಸೈಡ್‌ನ ಗುರುತಿನವರೆಗೆ ಹಿಡಿದದ್ದು ಒಂದು ದಶಕಕ್ಕೂ ಕಡಿಮೆ ಕಾಲ. ಮೂತ್ರಕೋಶದ ಪ್ರಶ್ನೆಯಾದರೋ ಅದಕ್ಕಿಂತ ದೀರ್ಘಕಾಲದಿಂದ ಉತ್ತರವನ್ನು ಕಾದಿದೆ.