ಪಾದಚಾರಿಯ ಹಕ್ಕು: ಮಿತಾಕ್ಷರೆಯಿಂದ ಮೋಟಾರು ಕಾಯಿದೆಯವರೆಗೆ

ಮಾರ್ಗವೆಂಬುದು ಮೊದಲು ಹುಟ್ಟಿದುದು ಮನುಷ್ಯನ ಪಾದಗಳಿಂದ. ನಡೆದವರ ಹೆಜ್ಜೆಗಳಿಂದ ಕಾಲುದಾರಿಯೂ, ಕಾಲುದಾರಿಯಿಂದ ಬಂಡಿಯ ದಾರಿಯೂ, ಬಂಡಿಯ ದಾರಿಯಿಂದ ರಾಜಮಾರ್ಗವೂ ಉಂಟಾದವು. ಆದರೆ ವಾಹನದ ಬಲ ಹೆಚ್ಚಿದಂತೆಲ್ಲ ದಾರಿಯನ್ನು ಮಾಡಿದವನೇ ಅದರ ಅಂಚಿಗೆ ಸರಿಯಬೇಕಾಯಿತು. ಅಂಚಿಗೆ ಸರಿದವನನ್ನೂ ವಾಹನವು ಬಡಿದರೆ ಅವನಿಗೆ ಸಲ್ಲತಕ್ಕುದೇನು? ಗಾಯವನ್ನು ಮಾಯಿಸುವ ವೆಚ್ಚವನ್ನು ಕೊಡತಕ್ಕವರು ಯಾರು? ಅವನು ಮೃತನಾದರೆ ಅವನ ದುಡಿಮೆಯನ್ನೇ ನಂಬಿದ ಹೆಂಡಿರು ಮಕ್ಕಳಿಗೆ ಗತಿಯೇನು? ಈ ಪ್ರಶ್ನೆಗಳಿಗೆ ಕಾಲಕಾಲಕ್ಕೆ ದೊರೆತ ಉತ್ತರಗಳ ಇತಿಹಾಸವು ವಿಚಾರಾರ್ಹವಾದುದು. ಅದರ ಒಂದು ಮುಖ್ಯ ಅಧ್ಯಾಯವು ವಾಡಿ ಶಹಾಬಾದಗಳ ಸೀಮೆಗೇ ಸಂಬಂಧಿಸಿದುದೆಂಬುದನ್ನು ಈ ಭಾಗದವರೂ ಮರೆತಿರುವಂತೆ ಕಾಣುತ್ತದೆ.

ಈ ಸೀಮೆಯು ನ್ಯಾಯವಿಚಾರಕ್ಕೆ ಹೊಸತಲ್ಲ. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ ದೊರೆತ ಅಶೋಕನ ಶಾಸನಗಳಲ್ಲಿ, ನ್ಯಾಯಾಧಿಕಾರಿಗಳು ಪ್ರಜೆಗಳನ್ನು ನಿಷ್ಕಾರಣವಾಗಿ ಪೀಡಿಸಬಾರದೆಂದು ವಿಧಿಸುವ ಪ್ರತ್ಯೇಕ ಶಾಸನವೂ ಒಂದು. ಸೇಡಂ ತಾಲೂಕಿನ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಪ್ರಸಿದ್ಧವಾದ ಘಟಿಕಾಸ್ಥಾನವಿದ್ದಿತು. ಇವೆಲ್ಲಕ್ಕೂ ಮಿಗಿಲಾಗಿ, ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಶಹಾಬಾದಿನ ಬಳಿಯ ಮರತೂರಿನವನೆಂದು ಪ್ರತೀತಿಯುಂಟು. ಆತನು 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ದಾಯಭಾಗದ ವಿಷಯದಲ್ಲಿ ಮಿತಾಕ್ಷರೆಯ ಹೆಸರನ್ನು ಕೇಳದ ವಕೀಲರಿಲ್ಲ. ಆದರೆ ಅದು ವ್ಯಾಖ್ಯಾನಿಸುವ ವ್ಯವಹಾರಾಧ್ಯಾಯದಲ್ಲಿ ದಾರಿಯ ಮೇಲಿನ ವಾಹನಗಳ ವಿಚಾರವೂ ಇದೆಯೆಂಬುದನ್ನು ಬಲ್ಲವರು ವಿರಳ.

ಸ್ಮೃತಿಕಾರರ ಮತವನ್ನು ಸಂಗ್ರಹವಾಗಿ ಹೇಳುವುದಾದರೆ ಹೀಗಿದೆ. ಎತ್ತಿನ ಮೂಗುದಾರ ಹರಿದು, ನೊಗ ಮುರಿದು, ಅಥವಾ ಬಂಡಿಯು ಹಿಂದಕ್ಕೆ ಸರಿದು ಯಾರಿಗಾದರೂ ಹಿಂಸೆಯಾದರೆ ಒಡೆಯನಿಗೆ ದೋಷವಿಲ್ಲವೆಂದು ಯಾಜ್ಞವಲ್ಕ್ಯನ ಮತ. ಮನುವು ಎಂಟನೆಯ ಅಧ್ಯಾಯದಲ್ಲಿ ಅಚ್ಚು ಮುರಿದಾಗ, ಗಾಲಿ ಮುರಿದಾಗ, ಹಗ್ಗ ಕಣ್ಣಿಗಳು ಹರಿದಾಗ ಎಂದು ಮುಂತಾಗಿ ದಂಡವಿಲ್ಲದ ಹತ್ತು ಸಂದರ್ಭಗಳನ್ನು ಎಣಿಸಿದ್ದಾನೆ. ಅವುಗಳಲ್ಲಿ ಕಡೆಯದು, ಸಾರಥಿಯು “ಸರಿ, ಸರಿ” ಎಂದು ಗಟ್ಟಿಯಾಗಿ ಕೂಗುತ್ತಿದ್ದ ಸಂದರ್ಭ. ಸಾರಥಿಯು ಅಕುಶಲನಾಗಿದ್ದು ಅವನ ದೋಷದಿಂದ ಬಂಡಿಯು ದಾರಿ ತಪ್ಪಿ ಹಿಂಸೆಯಾದರೆ ಒಡೆಯನಿಗೆ 200 ಪಣಗಳ ದಂಡ. ಸಾರಥಿಯು ಕುಶಲನಾಗಿದ್ದರೆ ದಂಡವು ಸಾರಥಿಗೇ. ಅಕುಶಲನೆಂದು ತಿಳಿದೂ ಬಂಡಿಯಲ್ಲಿ ಕುಳಿತವರಿಗೆ ತಲೆಗೆ ನೂರು ಪಣ. ಕೌಟಿಲ್ಯನ ಅರ್ಥಶಾಸ್ತ್ರವು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗಿ, ಬಾಲಕನು ಬಂಡಿ ನಡೆಸಿದರೆ ಅದರಲ್ಲಿದ್ದ ಒಡೆಯನೇ ದಂಡಾರ್ಹನೆಂದು ಹೇಳುತ್ತದೆ. 2019ರಲ್ಲಿ ಮೋಟಾರು ಕಾಯಿದೆಗೆ ಸೇರಿಸಿದ 199ಎ ಕಲಮು, ಅಪ್ರಾಪ್ತವಯಸ್ಕನು ವಾಹನ ನಡೆಸಿ ಅಪರಾಧವೆಸಗಿದರೆ ಪೋಷಕನಿಗೋ ಒಡೆಯನಿಗೋ ಮೂರು ವರ್ಷಗಳವರೆಗಿನ ಸೆರೆಯನ್ನೂ 25,000 ರೂಪಾಯಿ ದಂಡವನ್ನೂ ವಿಧಿಸುತ್ತದೆ. ಎರಡು ಸಾವಿರ ವರ್ಷಗಳಷ್ಟು ಹಳೆಯ ವಿಚಾರವೇ ಬೇರೊಂದು ಉಡುಗೆಯಲ್ಲಿ ಬಂದಿದೆ.

ಆದರೆ ಪ್ರಾಚೀನರನ್ನು ಹೊಗಳುವ ಉತ್ಸಾಹದಲ್ಲಿ ಅವರ ವ್ಯವಸ್ಥೆಯ ಮಿತಿಯನ್ನು ಮರೆಮಾಡಲಾಗದು. ಮೇಲೆ ಹೇಳಿದ ದಂಡವೆಲ್ಲವೂ ಅರಸನ ಬೊಕ್ಕಸಕ್ಕೆ ಸಲ್ಲುವುದು, ನೊಂದವನ ಮನೆಗಲ್ಲ. ನೊಂದವನಿಗಾಗಿ ಇದ್ದುದು ಒಂದೇ ಒಂದು ಅಮೂಲ್ಯವಾದ ಸೂತ್ರ. ಕಲಹದಲ್ಲಿ ಒಬ್ಬನ ದೇಹಕ್ಕೆ ನೋವುಂಟುಮಾಡಿದವನು ಅವನು ಮತ್ತೆ ಎದ್ದು ನಿಲ್ಲುವವರೆಗಿನ ವೆಚ್ಚವನ್ನು, ಎಂದರೆ ಸಮುತ್ಥಾನವ್ಯಯವನ್ನು, ದಂಡದ ಜೊತೆಗೆ ಕೊಡತಕ್ಕದ್ದೆಂದು ಯಾಜ್ಞವಲ್ಕ್ಯನು ವಿಧಿಸಿದ್ದಾನೆ. ‘ಸಮುತ್ಥಾನ’ವೆಂಬ ಆ ಮಾತಿನಲ್ಲಿ ಪರಿಹಾರತತ್ತ್ವದ ಬೀಜವೆಲ್ಲ ಅಡಗಿದೆ. ಎದ್ದು ನಿಲ್ಲಲಾರದವನ ಗತಿಯೇನೆಂಬುದಕ್ಕೆ ಮಾತ್ರ ಅಲ್ಲಿ ಉತ್ತರವಿಲ್ಲ.

ಇಂಗ್ಲೆಂಡಿನ ನ್ಯಾಯವೂ ಬಹುಕಾಲ ಇದೇ ಕೊರತೆಯಿಂದ ಕೂಡಿದ್ದಿತು. 1808ರ ಬೇಕರ್–ಬೋಲ್ಟನ್ ಮೊಕದ್ದಮೆಯಲ್ಲಿ, ಕುದುರೆಗಾಡಿಯು ಮಗುಚಿ ಹೆಂಡತಿಯನ್ನು ಕಳೆದುಕೊಂಡವನೊಬ್ಬನು ದಾವೆ ಹೂಡಿದಾಗ, ಮನುಷ್ಯನ ಮರಣವನ್ನು ಹಾನಿಯೆಂದು ಎಣಿಸಿ ಹಣ ಕೊಡಿಸಲಾಗದೆಂದು ನ್ಯಾಯಾಧೀಶನು ತೀರ್ಮಾನಿಸಿದನು. ಇದರ ಫಲವಾಗಿ, ಕಾಲು ಮುರಿದವನಿಗೆ ಪರಿಹಾರವುಂಟು, ಸತ್ತವನ ಮನೆಯವರಿಗೆ ಏನೂ ಇಲ್ಲವೆಂಬ ವಿಪರೀತ ಸ್ಥಿತಿ ಏರ್ಪಟ್ಟಿತು. ರೈಲುಗಳು ಹಬ್ಬಿ ಸಾವುಗಳು ಹೆಚ್ಚಿದ ಮೇಲೆಯೇ 1846ರಲ್ಲಿ ಪಾರ್ಲಿಮೆಂಟು ಈ ದೋಷವನ್ನು ತಿದ್ದಿತು. ಅದೇ ಮಾದರಿಯಲ್ಲಿ ಬ್ರಿಟಿಷ್ ಭಾರತಕ್ಕೆ 1855ರ 13ನೆಯ ಕಾಯಿದೆ ಬಂದಿತು. ಅನ್ಯರ ತಪ್ಪಿನಿಂದ ಸತ್ತವನ ಪತಿ ಪತ್ನಿ, ತಂದೆ ತಾಯಿ, ಮಕ್ಕಳಿಗೆ ಹಾನಿಯ ಹಣ ಸಲ್ಲತಕ್ಕದ್ದೆಂದು ಅದು ಮೊದಲ ಬಾರಿಗೆ ಸಾರಿತು.

ವಾಡಿಗೆ ಯಂತ್ರವಾಹನವು ಬಂದುದೂ ಹಳಿಗಳ ಮೇಲೆಯೇ. ಮುಂಬಯಿಯಿಂದ ರಾಯಚೂರಿಗೆ ಹೋಗುವ ರೈಲುಮಾರ್ಗವು 1871ರಲ್ಲಿ ಪೂರ್ಣವಾಯಿತು. ವಾಡಿಯಿಂದ ಹೈದರಾಬಾದಿಗೆ ನಿಜಾಮರ ರೈಲು 1874ರಲ್ಲಿ ತೆರೆಯಿತು. ಆದರೆ ಈ ಸೀಮೆಯು ನಿಜಾಮರ ಸಂಸ್ಥಾನದಲ್ಲಿದ್ದುದರಿಂದ ಬ್ರಿಟಿಷ್ ಭಾರತದ ಕಾಯಿದೆಗಳು ಇಲ್ಲಿಗೆ ತಾವಾಗಿಯೇ ಅನ್ವಯಿಸುತ್ತಿರಲಿಲ್ಲ. 1932ರ ಜೂನಿನಲ್ಲಿ ನಿಜಾಮರ ರೈಲ್ವೆಯು 27 ಬಸ್ಸುಗಳಿಂದ ರಸ್ತೆಸಾರಿಗೆಯನ್ನು ಆರಂಭಿಸಿತು. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನವು ಭಾರತದಲ್ಲಿ ಸೇರಿದ ಮೇಲೆ, 1951ರ ಏಪ್ರಿಲ್ 1ರಿಂದ ಭಾರತೀಯ ದಂಡಸಂಹಿತೆಯೂ ಇತರ ಅನೇಕ ಕಾಯಿದೆಗಳೂ ಇಲ್ಲಿಗೆ ಬಂದವು. 1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು.

ಇತ್ತ ಜಗತ್ತಿನಲ್ಲಿ ಮೋಟಾರಿನ ಯುಗವು ಆರಂಭವಾಗಿದ್ದಿತು. 1896ರ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಬಳಿ ಮೋಟಾರು ಬಡಿದು ಓರ್ವ ಸ್ತ್ರೀಯು ಮೃತಳಾದಳು. ಬ್ರಿಟನ್ನಿನಲ್ಲಿ ಮೋಟಾರಿಗೆ ಬಲಿಯಾದ ಮೊದಲ ಪಾದಚಾರಿಯೆಂದು ಅವಳನ್ನು ಎಣಿಸುತ್ತಾರೆ. ಅದು ಆಕಸ್ಮಿಕವೆಂದು ತೀರ್ಪಾಯಿತು. ಇಂತಹುದು ಇನ್ನೊಮ್ಮೆ ನಡೆಯದಿರಲೆಂದು ಮರಣವಿಚಾರಣೆಯ ಅಧಿಕಾರಿಯು ಹಾರೈಸಿದನಂತೆ. ಆ ಹಾರೈಕೆಯು ಫಲಿಸಲಿಲ್ಲ.

ಭಾರತದಲ್ಲಿ 1914ರಲ್ಲಿ ಮೊದಲನೆಯ ಮೋಟಾರು ಕಾಯಿದೆಯೂ, 1939ರಲ್ಲಿ ವಿಸ್ತಾರವಾದ ಎರಡನೆಯದೂ ಬಂದವು. 1939ರ ಕಾಯಿದೆಯ ಹೆಚ್ಚಳವೆಂದರೆ ಮೂರನೆಯವರ ವಿಮೆ. ವಾಹನದ ಒಡೆಯನೂ ಅಲ್ಲದ, ವಿಮೆಯ ಕಂಪನಿಯೂ ಅಲ್ಲದ, ದಾರಿಯಲ್ಲಿ ಹೋಗುವವನೇ ಆ ಮೂರನೆಯವನು. ಅವನ ಹಾನಿಯ ಹೊಣೆಯನ್ನು ವಿಮೆಯ ಮೂಲಕ ಹೊರದೆ ವಾಹನವನ್ನು ಬೀದಿಗೆ ತರಕೂಡದೆಂಬ ಈ ನಿಯಮವು 1946ರ ಜುಲೈ 1ರಿಂದ ಜಾರಿಗೆ ಬಂದಿತು. ಅದಕ್ಕೆ ಮೊದಲು ಬಡ ಒಡೆಯನ ವಿರುದ್ಧ ಡಿಕ್ರಿಯಾದರೂ ವಸೂಲಿಗೆ ಏನೂ ಸಿಕ್ಕುತ್ತಿರಲಿಲ್ಲ. ಅನಂತರ ಡಿಕ್ರಿಗೆ ಬೆಲೆ ಬಂದಿತು. 1956ರ ತಿದ್ದುಪಡಿಯಿಂದ ಮೋಟಾರು ಅಪಘಾತಗಳ ಪರಿಹಾರಕ್ಕೆಂದೇ ನ್ಯಾಯಮಂಡಲಿಗಳನ್ನು ಸ್ಥಾಪಿಸಲು ಅವಕಾಶವಾಯಿತು. ನೊಂದವನು ವರ್ಷಾನುಗಟ್ಟಲೆ ಸಿವಿಲ್ ದಾವೆಯ ಮೆಟ್ಟಿಲನ್ನು ಹತ್ತಬೇಕಾದ ಕಷ್ಟವು ಇದರಿಂದ ಕಡಮೆಯಾಯಿತು.

ವಾಹನವು ಸರ್ಕಾರದ್ದೇ ಆಗಿದ್ದರೆ? ಈ ಪ್ರಶ್ನೆಯು 1952ರ ಫೆಬ್ರವರಿಯಲ್ಲಿ ರಾಜಸ್ಥಾನದ ಉದಯಪುರದಲ್ಲಿ ಎದ್ದಿತು. ಕಲೆಕ್ಟರರ ಉಪಯೋಗಕ್ಕಿದ್ದ ಜೀಪನ್ನು ದುರಸ್ತಿಯ ಕಾರ್ಖಾನೆಯಿಂದ ತರುತ್ತಿದ್ದ ಚಾಲಕನು ಪಾದಚಾರಿಗಳ ದಾರಿಯಲ್ಲಿ ನಡೆಯುತ್ತಿದ್ದ ಒಬ್ಬನಿಗೆ ಬಡಿದನು. ಆತನು ಮೂರು ದಿನಗಳ ಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡನು. ರಾಜ್ಯವು ಸಾರ್ವಭೌಮವಾದುದರಿಂದ ತನಗೆ ಹೊಣೆಯಿಲ್ಲವೆಂದು ವಾದಿಸಿತು. 1962ರಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿ, ಸೇವಕನ ಅಜಾಗರೂಕತೆಗೆ ಬೇರೆ ಯಾವ ಒಡೆಯನು ಹೊಣೆಯೋ ಸರ್ಕಾರವೂ ಹಾಗೆಯೇ ಹೊಣೆಯೆಂದು ನಿರ್ಣಯಿಸಿತು. ಒಬ್ಬ ಪಾದಚಾರಿಯ ಮರಣವು ಸರ್ಕಾರವನ್ನು ಸಾಮಾನ್ಯ ಬಂಡಿಯ ಒಡೆಯನ ಸಾಲಿನಲ್ಲಿ ನಿಲ್ಲಿಸಿತು.

ಆದರೂ ಒಂದು ದೊಡ್ಡ ತೊಡಕು ಉಳಿದಿದ್ದಿತು. ಚಾಲಕನ ತಪ್ಪನ್ನು ನೊಂದವನೇ ಸಾಬೀತುಮಾಡಬೇಕಾಗಿದ್ದಿತು. ಸತ್ತವನು ಸಾಕ್ಷಿ ಹೇಳಲಾರನು. ಬದುಕಿದವನಿಗೆ ಆ ಕ್ಷಣದ ನೆನಪಿರುವುದಿಲ್ಲ. ನೋಡಿದವರು ನ್ಯಾಯಸ್ಥಾನಕ್ಕೆ ಬರಲು ಅಂಜುತ್ತಾರೆ. ಬಡಿದ ವಾಹನವು ಪತ್ತೆಯಾಗದೆ ಹೋದರಂತೂ ದಾವೆ ಯಾರ ಮೇಲೆ? 1972ರಲ್ಲಿ ಕಾನೂನು ಆಯೋಗವು ತನ್ನ 51ನೆಯ ವರದಿಯಲ್ಲಿ ಈ ವಿಷಯವನ್ನೆತ್ತಿಕೊಂಡಿತು. ಫಲವು ಹತ್ತು ವರ್ಷಗಳ ಮೇಲೆ ಕಂಡಿತು. 1982ರ ತಿದ್ದುಪಡಿಯು, ತಪ್ಪು ಯಾರದೆಂದು ವಿಚಾರಿಸದೆಯೇ ಮರಣಕ್ಕೆ 15,000, ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿಗಳನ್ನು ಕೊಡತಕ್ಕದ್ದೆಂದು ವಿಧಿಸಿತು. ಬಡಿದು ಓಡಿದ ವಾಹನದಿಂದ ಸತ್ತವನ ಮನೆಗೆ 5,000 ರೂಪಾಯಿ ಗೊತ್ತಾಯಿತು. ಮೊತ್ತ ಅಲ್ಪವೇ ಸರಿ. ತತ್ತ್ವ ಮಾತ್ರ ಅಲ್ಪವಲ್ಲ. “ತಪ್ಪು ಯಾರದು?” ಎಂಬಲ್ಲಿಗೆ ನಿಲ್ಲುತ್ತಿದ್ದ ನ್ಯಾಯವು “ನೊಂದವರು ಯಾರು?” ಎಂದು ಕೇಳಲಾರಂಭಿಸಿತು. 1989ರ ಜುಲೈ 1ರಿಂದ ಜಾರಿಗೆ ಬಂದ 1988ರ ಕಾಯಿದೆಯು ಈ ತತ್ತ್ವವನ್ನು ಉಳಿಸಿಕೊಂಡು ಮೊತ್ತವನ್ನು ಬೆಳೆಸಿತು.

2001ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪೊಂದನ್ನು ಸ್ಮೃತಿಯ ಪಕ್ಕದಲ್ಲಿಟ್ಟು ನೋಡಬೇಕು. ಓಡುತ್ತಿದ್ದ ಜೀಪಿನ ಮುಂದಿನ ಟಯರು ಒಡೆದು, ಅದು ಮಗುಚಿ, ದಾರಿಯಲ್ಲಿ ನಡೆಯುತ್ತಿದ್ದವನಿಗೆ ಬಡಿಯಿತು, ಆತನು ಸತ್ತನು. ಟಯರು ಒಡೆದುದು ಚಾಲಕನ ತಪ್ಪಲ್ಲವೆಂದು ಕೆಳಗಿನ ನ್ಯಾಯಮಂಡಲಿಯು ಪರಿಹಾರವನ್ನು ನಿರಾಕರಿಸಿದ್ದಿತು. ಗಾಲಿ ಮುರಿದರೆ ದಂಡವಿಲ್ಲವೆಂಬ ಮನುವಿನ ಮಾತಿಗೂ ಇದಕ್ಕೂ ಎಷ್ಟು ಸಾಮ್ಯ! ಆದರೆ ಸುಪ್ರೀಂ ಕೋರ್ಟು, ಅಪಾಯಕರವಾದ ವಸ್ತುವನ್ನು ತನ್ನ ಪ್ರಯೋಜನಕ್ಕಾಗಿ ಬೀದಿಗೆ ತಂದವನು ಅದರ ಹಾನಿಯನ್ನೂ ಹೊರತಕ್ಕದ್ದೆಂದು ಹೇಳಿ ಪರಿಹಾರವನ್ನು ಕೊಡಿಸಿತು. ಇಲ್ಲಿ ಮನುವಿಗೂ ಕೋರ್ಟಿಗೂ ವಿರೋಧವನ್ನು ಕಲ್ಪಿಸಬೇಕಾದುದಿಲ್ಲ. ಗಾಲಿ ಮುರಿದುದಕ್ಕೆ ಸಾರಥಿಯನ್ನು ಶಿಕ್ಷಿಸುವುದು ಅನ್ಯಾಯವೇ. ಗಾಲಿಯ ಕೆಳಗೆ ಸಿಕ್ಕವನ ಮಕ್ಕಳನ್ನು ಬರಿಗೈಯಲ್ಲಿ ಕಳುಹಿಸುವುದೂ ಅನ್ಯಾಯವೇ. ದಂಡ ಬೇರೆ, ಪರಿಹಾರ ಬೇರೆ ಎಂಬ ವಿವೇಕವು ಬಂದ ಮೇಲೆ ಎರಡೂ ನ್ಯಾಯಗಳು ಒಟ್ಟಿಗೆ ನಿಲ್ಲಬಲ್ಲವು.

ಈಗ ನಡೆಯುತ್ತಿರುವ ವ್ಯವಸ್ಥೆಯನ್ನು ಗೃಹಸ್ಥರು ತಿಳಿದಿರುವುದು ಒಳ್ಳೆಯದು. 2019ರ ತಿದ್ದುಪಡಿಯ ಪ್ರಕಾರ 2022ರ ಏಪ್ರಿಲ್ 1ರಿಂದ, ತಪ್ಪನ್ನು ವಿಚಾರಿಸದೆ ಕೊಡತಕ್ಕ ಪರಿಹಾರವು ಮರಣಕ್ಕೆ ಐದು ಲಕ್ಷ, ತೀವ್ರಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ. ಇದನ್ನು ಸ್ವೀಕರಿಸಿದವರ ದೊಡ್ಡ ಮೊತ್ತದ ಅರ್ಜಿಯು ಬಿದ್ದುಹೋಗುವುದರಿಂದ ಆತುರಪಡದೆ ವಿಚಾರಿಸಬೇಕು. ಬಡಿದ ವಾಹನವು ಪತ್ತೆಯಾಗದಿದ್ದರೆ ಮರಣಕ್ಕೆ ಎರಡು ಲಕ್ಷ, ತೀವ್ರಗಾಯಕ್ಕೆ 50,000. ಇದಕ್ಕೆ ಉಪವಿಭಾಗಾಧಿಕಾರಿ ಅಥವಾ ತಹಸೀಲ್ದಾರರ ಕಚೇರಿಯಲ್ಲಿ ಅರ್ಜಿ ಕೊಡಬೇಕು. ತಪ್ಪನ್ನು ಸಾಧಿಸಿ ಪೂರ್ಣ ಪರಿಹಾರವನ್ನು ಕೇಳುವ ಅರ್ಜಿಗೆ ಆರು ತಿಂಗಳ ಅವಧಿಯನ್ನು ಅದೇ ತಿದ್ದುಪಡಿಯು ಗೊತ್ತುಮಾಡಿತು. ಅದರ ಸಿಂಧುತ್ವವನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿಗಳು ಹೋದವಾದರೂ ತಡಮಾಡದಿರುವುದೇ ಕ್ಷೇಮ. ಗುಳೆ ಹೋದ ಕೂಲಿಕಾರನು ಹೈದರಾಬಾದಿನಲ್ಲಿಯೋ ಮುಂಬಯಿಯಲ್ಲಿಯೋ ಗಾಯಗೊಂಡರೆ ಅಲ್ಲಿಯೇ ದಾವೆ ಹೂಡಬೇಕೆಂಬ ನಿರ್ಬಂಧವಿಲ್ಲ. ತಾನು ವಾಸಿಸುವ ಊರಿನ ಅಧಿಕಾರವುಳ್ಳ ನ್ಯಾಯಮಂಡಲಿಯಲ್ಲಿಯೂ ಅರ್ಜಿ ಸಲ್ಲಿಸಬಹುದು. ಚಾಲಕನು ಕ್ರಿಮಿನಲ್ ಮೊಕದ್ದಮೆಯಲ್ಲಿ ಬಿಡುಗಡೆಯಾದ ಮಾತ್ರಕ್ಕೆ ಪರಿಹಾರದ ಹಕ್ಕು ಅಳಿಯುವುದಿಲ್ಲವೆಂದು 1980ರಲ್ಲಿಯೇ ಸುಪ್ರೀಂ ಕೋರ್ಟು ಹೇಳಿದೆ. ಗಾಯಾಳುವನ್ನು ಚಿಕಿತ್ಸೆಗೆ ಒಯ್ಯುವುದು 134ನೆಯ ಕಲಮಿನಂತೆ ಚಾಲಕನ ಕರ್ತವ್ಯ. ಸದ್ಭಾವದಿಂದ ನೆರವಾದ ದಾರಿಹೋಕನಿಗೆ 134ಎ ಕಲಮಿನ ರಕ್ಷಣೆಯುಂಟು. 2025ರ ಮೇ ತಿಂಗಳಲ್ಲಿ ಪ್ರಕಟವಾದ ಯೋಜನೆಯಂತೆ ಅಪಘಾತದಿಂದ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಗಳ ಮಿತಿಯಲ್ಲಿ ಹಣ ಕೊಡದೆ ಚಿಕಿತ್ಸೆ ದೊರೆಯತಕ್ಕದ್ದು. ಯಾಜ್ಞವಲ್ಕ್ಯನ ಸಮುತ್ಥಾನವ್ಯಯವು ಹೀಗೆ ಗಾಯಾಳುವು ಬೇಡುವ ಮೊದಲೇ ಸಲ್ಲುವಂತಾದುದು ಸಂತೋಷದ ವಿಷಯ.

ಪರಿಹಾರವೆಂಬುದು ಎಷ್ಟಾದರೂ ಕೆಟ್ಟ ಮೇಲಿನ ಮಾತು. 2023ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,72,890 ಮಂದಿ. ಅವರಲ್ಲಿ 35,221 ಮಂದಿ ಪಾದಚಾರಿಗಳು. ಐವರಲ್ಲಿ ಒಬ್ಬನು ಯಾವ ವಾಹನದಲ್ಲಿಯೂ ಇರಲಿಲ್ಲವೆಂದಾಯಿತು. ಪಾದಚಾರಿಗೆ ನಡೆಯತಕ್ಕ ದಾರಿಯಿರುವುದು ಸಂವಿಧಾನದ 21ನೆಯ ವಿಧಿಯಂತೆ ಜೀವಿಸುವ ಹಕ್ಕಿನ ಅಂಗವೇ ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಸಾರಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ಪಾದಚಾರಿಗಳ ರಕ್ಷಣೆಗೆ ಆರು ತಿಂಗಳೊಳಗೆ ನಿಯಮಗಳನ್ನು ರಚಿಸಬೇಕೆಂದು ರಾಜ್ಯಗಳಿಗೆ ಆಜ್ಞಾಪಿಸಿತು. ಶಹಾಬಾದಿನ ಫರ್ಸಿಕಲ್ಲು ಎಷ್ಟೋ ಪಟ್ಟಣಗಳ ನೆಲಕ್ಕೆ ಹಾಸಾಗಿದೆ. ವಾಡಿ ಸೇಡಂಗಳ ಸಿಮೆಂಟು ಎಷ್ಟೋ ಊರುಗಳ ರಸ್ತೆಯಾಗಿದೆ. ಆ ಕಲ್ಲನ್ನೂ ಸಿಮೆಂಟನ್ನೂ ಹೊತ್ತ ಲಾರಿಗಳು ಹೊರಡುವ ಊರುಗಳಲ್ಲಿಯೇ ಶಾಲೆಯ ಮಗುವಿಗೂ ಗಣಿಯ ಕೂಲಿಗೂ ಎರಡು ಮೊಳದ ನಡೆದಾರಿ ಬೇಕೆಂದು ಕೇಳುವುದು ಅತಿಯಾಸೆಯಲ್ಲ.

“ಸರಿ, ಸರಿ” ಎಂದು ಕೂಗಿದ ಸಾರಥಿಗೆ ಸ್ಮೃತಿಯು ದಂಡವನ್ನು ತಪ್ಪಿಸಿದ್ದಿತು. ಹಾರನ್ನು ಬಾರಿಸಿದೊಡನೆ ತನ್ನ ಹೊಣೆ ತೀರಿತೆಂದು ತಿಳಿಯುವ ಚಾಲಕನು ಇಂದಿಗೂ ಆ ಒಂದು ವಚನವನ್ನೇ ನೆಚ್ಚಿಕೊಂಡಿರುವನು. ಆದರೆ ಎತ್ತಿನ ಬಂಡಿಯ ವೇಗದಲ್ಲಿ ಆ ಕೂಗನ್ನು ಕೇಳಿ ಸರಿಯಲು ಅವಕಾಶವಿದ್ದಿತು; ಲಾರಿಯ ವೇಗದಲ್ಲಿ ಇಲ್ಲ. ಆದುದರಿಂದಲೇ ಇಂದಿನ ನಿಯಮವು ಪಾದಚಾರಿಗಳು ದಾಟುವಲ್ಲಿ ವಾಹನವೇ ವೇಗವನ್ನು ತಗ್ಗಿಸತಕ್ಕದ್ದೆಂದು ವಿಧಿಸುತ್ತದೆ. ಸರಿಯತಕ್ಕವನು ನಡೆಯುವವನೆಂದು ಆರಂಭವಾದ ನ್ಯಾಯವು, ನಿಲ್ಲತಕ್ಕವನು ನಡೆಸುವವನೆಂಬಲ್ಲಿಗೆ ಬಂದು ಮುಟ್ಟಿದೆ. ಗ್ರಂಥದಲ್ಲಿ ಮುಟ್ಟಿದ ಈ ನೆಲೆಯನ್ನು ಬೀದಿಯೂ ಮುಟ್ಟಬೇಕಾಗಿದೆ.